ಸಮ್ಮತಿಯ ಮೇಲೆ ನಿಂತ ಶಾಂತಿಪಾಲನೆ

ವಿಶ್ವಸಂಸ್ಥೆಯ ಸನ್ನದಿನಲ್ಲಿ ಶಾಂತಿಪಾಲನೆ ಎಂಬ ಪದವೇ ಇಲ್ಲ. ಆರನೆಯ ಅಧ್ಯಾಯದ ಸಂಧಾನಕ್ಕೂ ಏಳನೆಯ ಅಧ್ಯಾಯದ ಬಲಪ್ರಯೋಗಕ್ಕೂ ನಡುವೆ ಹುಟ್ಟಿಕೊಂಡ ಈ ಕೆಲಸವನ್ನು 'ಆರೂವರೆ ಅಧ್ಯಾಯ' ಎಂದು ಕರೆಯುವ ವಾಡಿಕೆ ಅದರಿಂದಲೇ ಬಂತು. ನೀಲಿ ಹೆಲ್ಮೆಟ್ಟಿನ ಶಾಂತಿಪಾಲನಾ ಸೈನಿಕರಿಗೆ ಡ್ರೋನುಗಳು ಬೇಕು, ಇನ್ನಷ್ಟು ಕಠಿಣ ಆದೇಶ ಬೇಕು ಎಂಬ ಸಲಹೆಗಳನ್ನು ಓದಿದಾಗಲೆಲ್ಲ, ಚರ್ಚೆ ಬುನಾದಿಯನ್ನು ಬಿಟ್ಟು ಗೋಡೆಯ ಬಣ್ಣದ ಸುತ್ತ ತಿರುಗುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಆ ಬುನಾದಿಯೆಂದರೆ ಸಮ್ಮತಿ, ಅಂದರೆ ಪಡೆ ತನ್ನ ನೆಲದಲ್ಲಿರಲು ಆತಿಥೇಯ ದೇಶ ಕೊಡುವ ಒಪ್ಪಿಗೆ.

1967ರ ಮೇ ತಿಂಗಳಲ್ಲಿ ಈಜಿಪ್ಟ್ ತನ್ನ ನೆಲದಿಂದ ವಿಶ್ವಸಂಸ್ಥೆಯ ತುರ್ತು ಪಡೆಯನ್ನು ಹಿಂದೆಗೆಯುವಂತೆ ಕೇಳಿತು. ಮಹಾಕಾರ್ಯದರ್ಶಿ ಉ ಥಾಂಟ್ ಒಪ್ಪಿದರು. ಮೂರೇ ವಾರಗಳಲ್ಲಿ ಇಸ್ರೇಲ್ ಜೊತೆ ಯುದ್ಧ ಆರಂಭವಾಯಿತು. 2023ರ ಜೂನ್‌ನಲ್ಲಿ ಮಾಲಿಯ ಸೇನಾ ಸರ್ಕಾರ ಅದೇ ಮಾತನ್ನಾಡಿತು, ಆ ವರ್ಷದ ಕೊನೆಯ ದಿನದೊಳಗೆ ಪಡೆ ಹಿಂದಿರುಗಿತು. ಹತ್ತು ವರ್ಷಗಳಲ್ಲಿ ಅಲ್ಲಿ 300ಕ್ಕೂ ಹೆಚ್ಚು ಶಾಂತಿಪಾಲಕರು ಪ್ರಾಣ ತೆತ್ತಿದ್ದರು. ಸಶಸ್ತ್ರ ಗುಂಪುಗಳನ್ನು ಎದುರಿಸಿ ಹೋರಾಡಬೇಕೆಂದು ಸರ್ಕಾರ ಬಯಸಿತ್ತು. ಅಂಥ ಯುದ್ಧಕ್ಕೆಂದು ಆ ಪಡೆಯನ್ನು ಕಟ್ಟಿರಲಿಲ್ಲ. ಇದರಲ್ಲಿ ಸೈನಿಕರ ತಪ್ಪನ್ನು ಹುಡುಕುವುದು ನನಗೆ ನ್ಯಾಯವೆನಿಸುವುದಿಲ್ಲ.

ಆತಿಥೇಯರ ಸಮ್ಮತಿಯೊಂದೇ ಸಾಲದು ಎಂಬುದಕ್ಕೆ ಲೆಬನಾನ್ ಸಾಕ್ಷಿ. 1978ರಿಂದ ದಕ್ಷಿಣ ಲೆಬನಾನಿನಲ್ಲಿರುವ ಪಡೆ ಉಳಿಯಲೆಂದು ಅಲ್ಲಿನ ಸರ್ಕಾರವೇ ಬಯಸಿದರೂ, ಅಮೆರಿಕದ ಒತ್ತಾಯಕ್ಕೆ ಮಣಿದ ಭದ್ರತಾ ಮಂಡಳಿ, 2026ರ ಡಿಸೆಂಬರ್ 31ಕ್ಕೆ ಅದರ ಕಾರ್ಯಾಚರಣೆ ಮುಗಿಯಬೇಕೆಂದು 2025ರ ಆಗಸ್ಟ್‌ನಲ್ಲಿ ನಿರ್ಣಯಿಸಿತು. ಹಣದ ಬಿಕ್ಕಟ್ಟೂ ಇದರೊಂದಿಗೆ ಸೇರಿಕೊಂಡಿದೆ: ಸದಸ್ಯ ರಾಷ್ಟ್ರಗಳು ವಂತಿಗೆ ಬಾಕಿ ಉಳಿಸಿಕೊಂಡ ಕಾರಣ, ಒಂಬತ್ತು ಕಾರ್ಯಾಚರಣೆಗಳಲ್ಲಿ ಸುಮಾರು ಕಾಲು ಭಾಗದಷ್ಟು ಶಾಂತಿಪಾಲಕರನ್ನು ಕಡಿತಗೊಳಿಸುವುದಾಗಿ ವಿಶ್ವಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ತಿಳಿಸಿತು. ಹೆಚ್ಚು ಹಣ ಕೊಡಬೇಕಾದ ದೇಶಗಳು ಒಂದು ಕಡೆ, ನೇಪಾಳ, ರುವಾಂಡಾ, ಬಾಂಗ್ಲಾದೇಶ, ಭಾರತದಂತಹ ಸೈನಿಕರನ್ನು ಕಳುಹಿಸುವ ದೇಶಗಳು ಇನ್ನೊಂದು ಕಡೆ ಎಂಬ ಹಳೆಯ ವಿಂಗಡಣೆ ಮಾತ್ರ ಹಾಗೆಯೇ ಇದೆ.

2014ರಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ಹೋದ ಪಡೆಯ ನಂತರ ಅಷ್ಟು ದೊಡ್ಡ ಹೊಸ ಕಾರ್ಯಾಚರಣೆ ಆರಂಭವಾಗಿಲ್ಲ. ಮುಂದಿನ ದಾರಿ ಪ್ರಾದೇಶಿಕ ಪಡೆಗಳದು ಎನ್ನುವವರು, ಆಫ್ರಿಕನ್ ಒಕ್ಕೂಟದ ಕಾರ್ಯಾಚರಣೆಗಳ ವೆಚ್ಚದ ಶೇ. 75ರವರೆಗೆ ವಿಶ್ವಸಂಸ್ಥೆಯ ವಂತಿಗೆಯಿಂದ ಭರಿಸಲು ಅವಕಾಶ ಕೊಟ್ಟ, ಭದ್ರತಾ ಮಂಡಳಿಯ 2023ರ ಡಿಸೆಂಬರ್‌ನ 2719ನೆಯ ನಿರ್ಣಯವನ್ನು ತೋರಿಸುತ್ತಾರೆ. ಅದನ್ನು ಸೊಮಾಲಿಯಾಕ್ಕೆ ಮೊದಲು ಅನ್ವಯಿಸುವ ಯತ್ನಕ್ಕೂ ಅಮೆರಿಕ ಒಪ್ಪಲಿಲ್ಲ.