ಗ್ರಾಫಿಂಗ್ ಕ್ಯಾಲ್ಕುಲೇಟರ್‌ಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವಾಗ

ಗಣಿತ ಬೋಧನೆಗೆ ನೆರವಾಗುವ ಸಣ್ಣ ಪ್ರೋಗ್ರಾಂಗಳನ್ನು ಟಿಐ-84 ಪ್ಲಸ್ ಸಿಇ ಕ್ಯಾಲ್ಕುಲೇಟರ್‌ಗಾಗಿ ಬರೆದುಕೊಡುವುದು ನನ್ನ ಕೆಲಸ. ಅದರಲ್ಲಿಯೇ ಇರುವ ಬೇಸಿಕ್ ಭಾಷೆ ಕಲಿಯಲು ಸುಲಭ. ಆದರೆ ಪ್ರೋಗ್ರಾಂ ಓಡುವಾಗಲೇ ಇಂಟರ್‌ಪ್ರಿಟರ್ ಎಂಬ ಅನುವಾದಕ ಪ್ರತಿಯೊಂದು ಆದೇಶವನ್ನೂ ಬಿಡಿಸಿ ಓದಬೇಕಾಗುತ್ತದೆ. ಸಂಖ್ಯೆಗಳೂ 9 ಬೈಟ್‌ಗಳ ದಶಮಾಂಶ ರೂಪದಲ್ಲಿರುವುದರಿಂದ ಲೂಪಿನ ಎಣಿಕೆಗೆ ಒಂದನ್ನು ಕೂಡಿಸಲು ಸಹ ದೀರ್ಘ ಲೆಕ್ಕವೇ ನಡೆಯುತ್ತದೆ. ಬಾಣದ ಕೀಲಿ ಒತ್ತಿದಂತೆ ವಕ್ರರೇಖೆ ನಯವಾಗಿ ಜರುಗಬೇಕಾದಲ್ಲಿ ಈ ವೇಗ ಸಾಲದು. ಪ್ರೊಸೆಸರಿನ ಆದೇಶಗಳನ್ನೇ ಒಂದೊಂದಾಗಿ ಬರೆಯುವ ಅಸೆಂಬ್ಲಿ ಭಾಷೆಯಲ್ಲಿ ವೇಗ ಸಿಗುತ್ತದೆಯಾದರೂ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಧೈರ್ಯವಾಗಿ ತಿದ್ದುವುದು ಕಷ್ಟ. ಆದ್ದರಿಂದ ವೇಗವೂ ಇದ್ದು, ಓದಿ ತಿದ್ದಲೂ ಬರುವ ಸಿ ಭಾಷೆಯ ಪಕ್ಷ ನಾನು.

ಆದರೆ ಇಲ್ಲಿನ ಸಿ, ಮೇಜಿನ ಕಂಪ್ಯೂಟರಿನ ಸಿ ಅಲ್ಲ. ಇದರ ಇಝಡ್80 ಪ್ರೊಸೆಸರ್‌ನಲ್ಲಿ ಇಂಟ್ (ಪೂರ್ಣಾಂಕಗಳ ಸಾಮಾನ್ಯ ಟೈಪ್) ಎಂದರೆ 24 ಬಿಟ್, ಅದರ ಗರಿಷ್ಠ ಮೌಲ್ಯ 83,88,607. 3000ದ ವರ್ಗ 90 ಲಕ್ಷ. ಅದು ಆಗಲೇ ಮಿತಿ ಮೀರಿತು. 32 ಬಿಟ್‌ನ ಲಾಂಗ್ ಬಳಸಿದರೆ ಮೌಲ್ಯವೇನೋ ಹಿಡಿಯುತ್ತದೆ, ಆದರೆ ಅದು ಪ್ರೊಸೆಸರಿನೊಳಗೆ ಲೆಕ್ಕಕ್ಕೆ ಬಳಸುವ 24 ಬಿಟ್‌ನ ಒಂದು ರಿಜಿಸ್ಟರಿನಲ್ಲಿ ಕೂರದ ಕಾರಣ ಲೆಕ್ಕ ನಿಧಾನವಾಗುತ್ತದೆ. ಪ್ರತಿ ಚರಕ್ಕೂ ಅದರ ವ್ಯಾಪ್ತಿಯನ್ನು ಮೊದಲೇ ಬರೆದಿಟ್ಟುಕೊಂಡು ಆಮೇಲೆ ಟೈಪ್ ಆರಿಸುವುದು ನನ್ನ ಪದ್ಧತಿ.

ಪರದೆ 320×240 ಪಿಕ್ಸೆಲ್‌ಗಳದು. 16 ಬಿಟ್ ಬಣ್ಣದಲ್ಲಿ ಒಂದು ಚಿತ್ರವೇ 1,53,600 ಬೈಟ್‌ಗಳ ಚಿತ್ರಸ್ಮೃತಿಯನ್ನು ತುಂಬಿಬಿಡುತ್ತದೆ. 8 ಬಿಟ್‌ನ ವರ್ಣಪಟ್ಟಿಗೆ ಇಳಿದರೆ ಅಷ್ಟೇ ಜಾಗದಲ್ಲಿ ಎರಡು ಚಿತ್ರಗಳು ಹಿಡಿಯುತ್ತವೆ. ಒಂದನ್ನು ತೋರಿಸುತ್ತಿರುವಾಗ ಇನ್ನೊಂದರಲ್ಲಿ ರೇಖೆ ಎಳೆದು, ಮುಗಿದ ಮೇಲೆ ಅದಲುಬದಲು ಮಾಡಿದರೆ ಮಿನುಗಾಟ ನಿಲ್ಲುತ್ತದೆ. ಪಾಠದ ರೇಖಾಚಿತ್ರಕ್ಕೆ 256 ಬಣ್ಣಗಳು ಧಾರಾಳವಾಗಿ ಸಾಕು.

ಹೆಚ್ಚು ಎಚ್ಚರ ಬೇಕಾದದ್ದು ನಿಖರತೆಯಲ್ಲಿ. ಸಿ ಪ್ರೋಗ್ರಾಂ ಅನ್ನು ಈ ಕ್ಯಾಲ್ಕುಲೇಟರಿಗೆ ಸಿದ್ಧಪಡಿಸುವ ಟೂಲ್‌ಚೈನ್‌ನಲ್ಲಿ, ಭಿನ್ನಾಂಶವಿರುವ ಸಂಖ್ಯೆಗಳ ಟೈಪ್‌ಗಳಾದ ಫ್ಲೋಟ್ ಮಾತ್ರವಲ್ಲ, ಡಬಲ್ ಕೂಡ 32 ಬಿಟ್‌ನದೇ. ಸುಮಾರು 7 ಅಂಕಿಗಳಷ್ಟೇ ನಂಬಿಕೆಗೆ ಅರ್ಹ. ಬೇಸಿಕ್‌ನಲ್ಲಿ 14 ಅಂಕಿಗಳಿರುತ್ತವೆ. ಅದೇ ಲೆಕ್ಕವನ್ನು ಕ್ಯಾಲ್ಕುಲೇಟರಿನ ಮಾಮೂಲಿ ಲೆಕ್ಕದ ಪರದೆಯಲ್ಲಿ ಮಾಡಿ ನೋಡಿದ ವಿದ್ಯಾರ್ಥಿಗೆ ಕೊನೆಯ ಅಂಕಿಗಳು ಬೇರೆಯಾಗಿ ಕಂಡರೆ ಅವನು ತನ್ನ ಗಣಿತವನ್ನೇ ಅನುಮಾನಿಸುತ್ತಾನೆ, ಇದು ನನಗೆ ಒಪ್ಪಿತವಲ್ಲ. ಹಾಗಾಗಿ ರೇಖೆ ಎಳೆಯಲು ಮಾತ್ರ ಫ್ಲೋಟ್ ಬಳಸಿ, ಪರದೆಯ ಮೇಲೆ ಅಂಕಿಯಾಗಿ ಕಾಣುವ ಪ್ರತಿ ಉತ್ತರವನ್ನೂ ಕ್ಯಾಲ್ಕುಲೇಟರಿನ ಸ್ವಂತ ದಶಮಾಂಶ ಫಂಕ್ಷನ್‌ಗಳಿಂದಲೇ ಪಡೆಯುತ್ತೇನೆ.

2020ರಿಂದ ಬಂದ ಹೊಸ ಆಪರೇಟಿಂಗ್ ಸಿಸ್ಟಂ ಆವೃತ್ತಿಗಳು ಸಿ ಮತ್ತು ಅಸೆಂಬ್ಲಿ ಪ್ರೋಗ್ರಾಂಗಳನ್ನು ನೇರವಾಗಿ ಓಡಿಸುವುದಿಲ್ಲ. ಕೆಲಸ ಒಪ್ಪಿಕೊಳ್ಳುವ ಮುನ್ನ ಆವೃತ್ತಿಯನ್ನು ವಿಚಾರಿಸಿ, ಅಂಥ ಕ್ಯಾಲ್ಕುಲೇಟರ್‌ಗಳಿಗೆ ಚಲನೆಯಿಲ್ಲದ ಬೇಸಿಕ್ ರೂಪವನ್ನು ಬರೆದುಕೊಡುತ್ತೇನೆ.