ಕುಮಾವೂನಿನ ಪೈನ್ ಕಾಡಿನಲ್ಲಿ ಹಕ್ಕಿ ನೋಡಲು ಹೊರಟವರಿಗೆ

ಉತ್ತರಾಖಂಡದ ಕುಮಾವೂನ್ ಕಡೆ ಹಕ್ಕಿ ನೋಡಲು ಹೋಗುವುದಾದರೆ ಏಪ್ರಿಲ್ ಮುಗಿಯುವುದರೊಳಗೆ ಹೋಗಿಬನ್ನಿ. ಮೇ ಬಂತೆಂದರೆ ನೈನಿತಾಲ್ ರಸ್ತೆ ತುಂಬ ಕಾರುಗಳು, ಕಾಡಿಗೆ ಬೆಂಕಿ ಬಿದ್ದರೆ ಹೊಗೆ ಬೇರೆ. ನಾವು ಹೋಗಿದ್ದು ಏಪ್ರಿಲ್‌ನಲ್ಲೇ. ದೆಹಲಿಯಲ್ಲಿ ರಾತ್ರಿ ರಾಣಿಖೇತ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವ ಕಾಠಗೋದಾಮ್. ಅಲ್ಲಿಂದ ಟ್ಯಾಕ್ಸಿಯಲ್ಲಿ ಮೊದಲು ಸಾತ್‌ತಾಲ್, ಆಮೇಲೆ ನೈನಿತಾಲ್ ದಾಟಿ ಸುಮಾರು 15 ಕಿ.ಮೀ. ಹೋದರೆ ಪಂಗೋಟ್ ಎಂಬ ಹಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬರೀ ಚಿರ್ ಪೈನ್ ಇರುವ ಕಡೆ ಹಕ್ಕಿ ಕಡಿಮೆ. ಉದುರಿದ ಸೂಜಿ ಎಲೆ, ಅಲ್ಲಿಯವರ ಪಿರುಲ್, ನೆಲವನ್ನೆಲ್ಲ ಮುಚ್ಚಿರುತ್ತದೆ. ಪೊದೆ ಬೆಳೆಯುವುದೇ ಅಪರೂಪ. ಅದರ ಮೇಲೆ ಕಾಲು ಜಾರುವುದೂ ಜಾಸ್ತಿ, ಹಿಡಿತವಿರುವ ಶೂ ಬೇಕೇ ಬೇಕು. ಸುಮ್ನೆ ಕಾಡೆಲ್ಲ ಸುತ್ತಬೇಡಿ. ಪೈನ್ ಮುಗಿದು ಬಾಂಜ್ ಓಕ್ ಮರಗಳು ಶುರುವಾಗುವ ಅಂಚಿನಲ್ಲಿ, ತೊರೆಯ ಪಕ್ಕ ಅಲುಗಾಡದೆ ನಿಲ್ಲಿ. ಹಕ್ಕಿಗಳೇ ಗುಂಪಾಗಿ ಬರುತ್ತವೆ.

ನಮಗೆ ಮೊದಲು ಕೇಳಿಸಿದ್ದು ತೊಗಟೆ ಕೆರೆಯುವ ಸದ್ದು. ಹೊಟ್ಟೆ ಕೆಂಗಂದಿನ ನಟ್‌ಹ್ಯಾಚ್ ಎಂಬ ಪುಟ್ಟ ಹಕ್ಕಿಯೊಂದು ತಲೆ ಕೆಳಗಾಗಿ ಕಾಂಡದ ಮೇಲಿಂದ ಇಳಿಯುತ್ತಿತ್ತು. ಪೈನ್ ತೊಗಟೆಯ ಚಕ್ಕೆಯ ಸಂದಿಗೆ ಕೊಕ್ಕು ತೂರಿಸಿ ಹುಳ ಎಳೆಯಿತು. ಚಕ್ಕೆ ಉದುರಿ ನಮ್ಮ ಕಾಲ ಬಳಿಯೇ ಬಿತ್ತು! ಅದೇ ಮರದಲ್ಲಿ ಅಂಟು ಇಳಿಸಲು ಗೀರು ಹಾಕಿ ಪುಟ್ಟ ಬಟ್ಟಲು ಸಿಕ್ಕಿಸಿದ್ದರು. ಮೇಲೆಲ್ಲೋ ಕುಟ್ರುಹಕ್ಕಿಯ ಜಾತಿಯ ಗ್ರೇಟ್ ಬಾರ್ಬೆಟ್ ಬಿಡದೆ ಕೂಗುತ್ತಿತ್ತು.

ನಮ್ಮ ಪಶ್ಚಿಮ ಘಟ್ಟದಲ್ಲಿ ಚಳಿಗಾಲ ಕಳೆಯುವ ಬ್ಲೂ ಕ್ಯಾಪ್ಡ್ ರಾಕ್ ಥ್ರಶ್ ಮರಿ ಮಾಡುವುದು ಹಿಮಾಲಯದ ಇಂಥ ಕಾಡುಗಳಲ್ಲೇ. ಕೊಡಗಿನಲ್ಲಿ ಮೌನವಾಗಿ ಕೂರುವ ಹಕ್ಕಿ ಇಲ್ಲಿ ಪೈನ್ ತುದಿಯಲ್ಲಿ ಕೂತು ಹಾಡುವುದನ್ನು ಕೇಳಬೇಕು. ನನಗಂತೂ ಅಷ್ಟು ದೂರ ಹೋಗಿದ್ದು ಅದೊಂದಕ್ಕೇ ಸಾರ್ಥಕ ಅನ್ನಿಸಿತು.

ಏಪ್ರಿಲ್ ಗೂಡು ಕಟ್ಟುವ ಕಾಲ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯಬೇಡಿ. ಎದುರಾಳಿ ಬಂತೆಂದು ಅದು ಇದ್ದ ಕೆಲಸ ಬಿಟ್ಟು ಓಡಿ ಬರುತ್ತದೆ. ಗೈಡ್ ಹಾಗೆ ಮಾಡಹೊರಟರೂ ಬೇಡ ಅನ್ನಿ.

ಚೀರ್ ಫೆಸೆಂಟ್ ಎಂಬ ಕಾಡುಕೋಳಿಯಂಥ ಹಕ್ಕಿಯನ್ನು ನೋಡುವ ಆಸೆಯಿದ್ದರೆ ಪಂಗೋಟ್‌ನಿಂದ ವಿನಾಯಕ್ ಕಡೆಯ ಕಡಿದಾದ ಹುಲ್ಲಿನ ಇಳಿಜಾರಿಗೆ ಬೆಳಕು ಹರಿಯುವ ಮೊದಲೇ ತಲುಪಬೇಕು. ಟ್ಯಾಕ್ಸಿಯವರಿಗೆ ಹಿಂದಿನ ಸಂಜೆಯೇ ಹೇಳಿಡಿ. ಸ್ವೆಟರ್ ಮರೆಯಬೇಡಿ, ಏಪ್ರಿಲ್‌ನಲ್ಲೂ ಆ ಹೊತ್ತಿಗೆ ಚೆನ್ನಾಗಿಯೇ ಚಳಿ ಇರುತ್ತದೆ.