ರಾಣಿ ಇಲ್ಲದ ಪೆಟ್ಟಿಗೆಯ ಸದ್ದು

ಮಧುಗಿರಿಗೆ ಹೋಗಿದ್ದು ಬೆಟ್ಟ ಹತ್ತೋಕೆ. ಏಪ್ರಿಲ್ ಬಿಸಿಲು ಅಂತ ಬೆಳಗ್ಗೆ 6ಕ್ಕೇ ಶುರು ಮಾಡಿ ಹತ್ತಿ ಇಳಿದೆವು. ಕೋಟೆ ಚೆನ್ನಾಗಿದೆ. ಆದರೆ ನನ್ನ ತಲೆಯಲ್ಲಿ ಉಳಿದಿರೋದು ಮಧ್ಯಾಹ್ನ ಗೆಳೆಯನ ದೊಡ್ಡಪ್ಪನ ತೋಟದಲ್ಲಿ ಕಳೆದ ಎರಡು ಗಂಟೆ.

ಮುದ್ದೆ, ಹುರುಳಿಕಾಳಿನ ಬಸ್ಸಾರು ಉಂಡು (ಅಂಥ ಬಸ್ಸಾರು ಬೆಂಗಳೂರಿನ ಯಾವ ಹೋಟೆಲಲ್ಲೂ ಸಿಕ್ಕಿಲ್ಲ) ತೋಟಕ್ಕೆ ಹೋದರೆ ಹೊಂಗೆ ಮರದ ಕೆಳಗೆ ಐದು ಜೇನು ಪೆಟ್ಟಿಗೆ. ಎಲ್ಲ ತುಡುವೆ ಜೇನು, ಪೆಟ್ಟಿಗೆಯಲ್ಲಿ ಸಾಕೋ ನಮ್ಮ ನಾಡಿನ ಜಾತಿ. ಒಂದು ಪೆಟ್ಟಿಗೆ ತೋರಿಸಿ "ಇದಕ್ಕೆ ಕಿವಿ ಕೊಟ್ಟು ನೋಡಪ್ಪ" ಅಂದರು ದೊಡ್ಡಪ್ಪ. ಉಳಿದವು ಮೆಲ್ಲಗೆ ಗುಂಯ್ ಅಂತಿದ್ದರೆ ಇದರಲ್ಲಿ ಮಾತ್ರ ಏಳುತ್ತಾ ಇಳಿಯುತ್ತಾ ಒಂದು ಗೋಳಾಟ. ನನಗೆ ಮೈ ಜುಮ್ಮೆಂದಿತು.

ನಾಲ್ಕು ದಿನದ ಹಿಂದೆ ಚೌಕಟ್ಟು ಎತ್ತುವಾಗ ರಾಣಿ ನಜ್ಜುಗುಜ್ಜಾಗಿತ್ತಂತೆ. "ನನ್ ಕೈಯಲ್ಲೇ ಹೋಯ್ತು" ಅಂದು ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ನೆ ಕೂತರು. ರಾಣಿಯ ಮೈವಾಸನೆಯನ್ನು ನೊಣಗಳು ಒಂದರಿಂದ ಒಂದಕ್ಕೆ ದಾಟಿಸುತ್ತಾ ಇರುತ್ತವೆ. ಅದು ನಿಂತರೆ ಕೆಲವೇ ಗಂಟೆಯಲ್ಲಿ ಗೂಡಿಗೆಲ್ಲ ಗೊತ್ತಾಗಿಬಿಡುತ್ತದೆ.

ಎರಿ, ಅಂದರೆ ನೊಣಗಳು ಕಟ್ಟಿದ ಮೇಣದ ಹಲ್ಲೆ, ಎತ್ತಿ ತೋರಿಸಿದರು. ನಡುವೆ ಕಡಲೇಕಾಯಿ ನೇತುಬಿದ್ದ ಹಾಗೆ ಮೂರು ಕೋಣೆ. ಮೊಟ್ಟೆಯೊಡೆದು 3 ದಿನ ಮೀರದ ಮರಿಗಳನ್ನು ಆರಿಸಿ, ಕೋಣೆ ಉದ್ದ ಮಾಡಿ, ರಾಜರಸ (ರಾಯಲ್ ಜೆಲ್ಲಿ) ಒಂದನ್ನೇ ಉಣಿಸಿ ಹೊಸ ರಾಣಿ ಮಾಡಿಕೊಳ್ಳುತ್ತವೆ. ಕೆಲಸದ ನೊಣ ಆಗಬೇಕಿದ್ದ ಮರಿ ಅದು!

"ಎಳೇ ಮರಿ ಇಲ್ದಿದ್ರೆ?" ಅಂದೆ.

ಮಾತಾಡದೆ ಕೊನೆಯ ಪೆಟ್ಟಿಗೆ ತೆಗೆದರು. ಒಂದೊಂದು ಕಣದಲ್ಲಿ ಮೂರು ನಾಲ್ಕು ಮೊಟ್ಟೆ, ಅಡ್ಡಾದಿಡ್ಡಿ.

"ಮೊಟ್ಟೆ ಐತಲ್ಲ ದೊಡ್ಡಪ್ಪ, ಮತ್ತೇನು?"

"ಕೆಲ್ಸದ ನೊಣ ಇಟ್ಟಿದ್ದು ಕಣಪ್ಪ. ಗಂಡಿನ ಜೊತೆ ಕೂಡಿಲ್ಲ. ಇದರಲ್ಲಿ ಬರೋದೆಲ್ಲ ಗಂಡೇ. ಹೂವಿಗೆ ಹೋಗೋರು ಯಾರು, ಮರಿ ಸಾಕೋರು ಯಾರು?"

ಇರುವ ನೊಣಗಳು ಮುದಿಯಾಗಿ ಒಂದೊಂದೇ ಉದುರುತ್ತವೆ, ಪೆಟ್ಟಿಗೆ ಖಾಲಿ. ಮೊದಲೇ ನೋಡಿದ್ದರೆ ಬೇರೆ ಪೆಟ್ಟಿಗೆಯಿಂದ ಮೊಟ್ಟೆ ಇರೋ ಒಂದು ಎರಿ ತಂದಿಟ್ಟು ಉಳಿಸಬಹುದಿತ್ತು ಅಂದರು. ಅಷ್ಟಾಗಿಯೂ ಆ ನೊಣಗಳು ಬಾಗಿಲಲ್ಲಿ ಕಾವಲು ನಿಂತಿದ್ದವು. ಅದನ್ನು ನೋಡೋಕಾಗಲಿಲ್ಲ ನನಗೆ.

ಒಂದು ಮಾತು, ಜೇನು ನೋಡೋಕೆ ಹೋಗುವವರು ಘಮ್ಮೆನ್ನುವ ಸೆಂಟು ಹಾಕಲೇಬೇಡಿ. ನಾನು ಹಾಕಿದ್ದೆ, ರೆಪ್ಪೆಗೇ ಕಚ್ಚಿತು. ಮುಳ್ಳನ್ನು ಆ ಕ್ಷಣವೇ ಉಗುರಿನಿಂದ ಕೆರೆದು ತೆಗೆಯಬೇಕು. ಚಿವುಟಿ ಎಳೆಯೋಣ ಅಂತ ತಡ ಮಾಡಿದಷ್ಟೂ ವಿಷ ಇಳಿಯುತ್ತಲೇ ಇರುತ್ತದೆ. ಎರಡು ದಿನ ಕಣ್ಣು ತೆರೆಯೋಕೆ ಆಗಲಿಲ್ಲ.

ಮೂರು ವಾರ ಬಿಟ್ಟು ಫೋನ್ ಮಾಡಿದೆ. ಹೊಸ ರಾಣಿ ಕೋಣೆಯಿಂದ ಹೊರಗೆ ಬಂದಿದೆಯಂತೆ. "ಆದ್ರೆ ದಿನಾ ಮಧ್ಯಾಹ್ನ ಮೋಡ, ಮಳೆ. ಗಂಡು ಹುಡುಕ್ಕೊಂಡು ಹಾರಕ್ಕೇ ಆಗಿಲ್ಲ ಅದಕ್ಕೆ" ಅಂದರು ದೊಡ್ಡಪ್ಪ. ಇವತ್ತು ಇಲ್ಲಿ ಬಿಸಿಲಿದೆ. ಅಲ್ಲೂ ಇರಬಹುದು ಅಲ್ವಾ?